ಒಡೆಯುವ ಜೀವಕೋಶಗಳೂ ಅವುಗಳ ಗುರುತುಗಳೂ

(ನಾಗಲದಿನ್ನೆಯಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣದ ಲಿಖಿತ ರೂಪ)



ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕೇಳಿದರು. ಗಡಿಯ ಕಷ್ಟಸುಖಗಳನ್ನು ಕುರಿತೋ ದಾಸಸಾಹಿತ್ಯವನ್ನು ಕುರಿತೋ ನಾವು ಮಾತನಾಡುವೆವೆಂದು ಅವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಮಂತ್ರಾಲಯವೂ ವಿಜಯದಾಸರ ಚಿಪ್ಪಗಿರಿಯೂ ನಮ್ಮ ಜಿಲ್ಲೆಯಲ್ಲೇ ಇರುವಾಗ ಆ ಎಣಿಕೆ ಸಹಜವಾದುದೇ. ಆದರೆ ಇಂದು ನಾವು ಆರಿಸಿಕೊಂಡಿರುವ ವಿಷಯ ಬೇರೆ. ಒಡೆದು ಎರಡಾಗುವ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಗುರುತುಹಿಡಿಯುವುದು ಹೇಗೆ, ಅದಕ್ಕಾಗಿ ವಿಜ್ಞಾನಿಗಳು ಬಳಸುವ ರಾಸಾಯನಿಕ ಗುರುತುಗಳಾವುವು, ಆ ಗುರುತುಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದೇ ಇಂದಿನ ವಿಷಯ. ನಾಗಲದಿನ್ನೆಯ ಸಭೆಗೆ ಇದೇಕೆ ಎಂದು ಕೇಳುವವರಿಗೆ ಒಂದು ಸಣ್ಣ ಪ್ರಸಂಗವನ್ನು ಅರಿಕೆ ಮಾಡಿಕೊಂಡು ಮುಂದುವರಿಯುತ್ತೇವೆ.

ಕೆಲವು ಕಾಲದ ಹಿಂದೆ, ನಮ್ಮಲ್ಲಿ ಓದಿ ಈಗ ಹೊಲಮನೆ ನೋಡಿಕೊಂಡಿರುವ ಹುಡುಗನೊಬ್ಬನು ಒಂದು ಸಂಜೆ ಮನೆಗೆ ಬಂದನು. ಅವನ ತಾಯಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು, ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಅದರ ಚೂರನ್ನು ತೆಗೆದು ಪರೀಕ್ಷಿಸಿದ್ದರು. ವರದಿ ಇಂಗ್ಲಿಷಿನಲ್ಲಿತ್ತು. ಅದರ ಕೊನೆಯ ಸಾಲಿನಲ್ಲಿ ‘ಕಿ-67’ ಎಂಬ ಹೆಸರೂ ಅದರ ಮುಂದೆ ನೂರಕ್ಕೆ 28 ಎಂಬ ಅಂಕವೂ ಇದ್ದವು. ಅವನು ಅದರ ಮೇಲೆ ಬೆರಳಿಟ್ಟು, “ಮೇಷ್ಟ್ರೇ, ಇಪ್ಪತ್ತೆಂಟು ಬಂದೈತಂತ ಬರದಾರ್ರೀ. ನಮ್ಮವ್ವ ಪಾಸೋ ಫೇಲೋ?” ಎಂದು ಕೇಳಿದನು.

ಈರುಳ್ಳಿಯ ಬೇರಿನ ತುದಿಯನ್ನು ಗಾಜಿನ ಮೇಲೆ ಒತ್ತಿ ಮಕ್ಕಳಿಗೆ ಕೋಶವಿಭಜನೆಯನ್ನು ತೋರಿಸುತ್ತ ವರ್ಷಗಳನ್ನು ಕಳೆದ ನಮಗೆ ಆ ಅಂಕದ ಅರ್ಥ ತಿಳಿಯದೇ ಇರಲಿಲ್ಲ. ಆದರೆ ಅದನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಹೇಳಹೊರಟಾಗ ನಾಲಗೆ ತೊಡರಿತು. ಅರ್ಧ ಇಂಗ್ಲಿಷು, ಅರ್ಧ ತಡವರಿಕೆ. ಅವನು ವಿನಯದಿಂದ ತಲೆಯಾಡಿಸಿದನು; ತಿಳಿಯಲಿಲ್ಲವೆಂಬುದು ಮಾತ್ರ ಅವನ ಮುಖದಲ್ಲಿ ಕಾಣುತ್ತಿತ್ತು. ಆ ಸಂಜೆಯ ಸಾಲವನ್ನು ಇಂದು ಈ ಸಭೆಯಲ್ಲಿ ತೀರಿಸಬೇಕೆಂದಿದ್ದೇವೆ.

ವಿಷಯವನ್ನು ಬುಡದಿಂದ ಹೇಳೋಣ. ನಮ್ಮ ದೇಹವಾಗಲಿ, ಆದವಾನಿಯ ಮಾರುಕಟ್ಟೆಗೆ ಅರಳೆಯನ್ನು ಕೊಡುವ ಹತ್ತಿಯ ಗಿಡವಾಗಲಿ, ಎಲ್ಲವೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಕಟ್ಟಿದವು. ಒಂದು ಕೋಶವು ಬೆಳೆದು, ತನ್ನೊಳಗಿನ ಸಾಮಗ್ರಿಯನ್ನು ಇಮ್ಮಡಿ ಮಾಡಿಕೊಂಡು, ಒಡೆದು ಎರಡಾಗುತ್ತದೆ. ತಾಯಿಯ ಗರ್ಭದಲ್ಲಿ ಒಂದೇ ಕೋಶದಿಂದ ಮೊದಲಾದ ಶಿಶುವು ಕೈಕಾಲು ಮೂಡಿ ಬೆಳೆಯುವುದು ಈ ಒಡೆಯುವಿಕೆಯಿಂದ. ಕುಡುಗೋಲು ತಗುಲಿದ ಬೆರಳಿನ ಗಾಯ ಮಾಯುವುದೂ ಇದರಿಂದಲೇ. ಇದೇ ಕಾರ್ಯ ಹತೋಟಿಯನ್ನು ಮೀರಿ, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದುವರಿದರೆ ಅದಕ್ಕೆ ಕ್ಯಾನ್ಸರ್ ಎಂದು ಹೆಸರು. ಪ್ರಾಯಕ್ಕೆ ಬಂದ ಮನುಷ್ಯನ ಮಿದುಳಿನ ನರಕೋಶಗಳೂ ಹೃದಯದ ಸ್ನಾಯುಕೋಶಗಳೂ ಬಹುಮಟ್ಟಿಗೆ ಒಡೆಯದೆ ಸುಮ್ಮನಿರುತ್ತವೆ. ಮೂಳೆಯೊಳಗಿನ ಮಜ್ಜೆಯಲ್ಲಿ, ಕರುಳಿನ ಒಳಪದರದಲ್ಲಿ, ಕೂದಲಿನ ಬುಡದಲ್ಲಿ ಈ ಕಾರ್ಯವು ಹಗಲಿರುಳೂ ನಡೆದಿರುತ್ತದೆ. ಆದುದರಿಂದ ಯಾವ ಕೋಶ ಒಡೆಯುತ್ತಿದೆ, ಯಾವುದು ಸುಮ್ಮನಿದೆ ಎಂಬುದನ್ನು ತಿಳಿಯುವುದು ವಿಜ್ಞಾನಿಗೂ ವೈದ್ಯನಿಗೂ ಅತ್ಯಗತ್ಯವಾದುದು.

ಇದನ್ನು ಕಣ್ಣಾರೆ ನೋಡುವ ಅತಿ ಸುಲಭವಾದ ಉಪಾಯ ನಮ್ಮ ಕರ್ನೂಲು ಸೀಮೆಯ ಹೊಲದಲ್ಲೇ ಇದೆ. ಈರುಳ್ಳಿಯನ್ನು, ಅಂದರೆ ನಮ್ಮ ಉಳ್ಳಾಗಡ್ಡಿಯನ್ನು, ನೀರು ತುಂಬಿದ ಲೋಟದ ಬಾಯಿಯ ಮೇಲೆ ಕೂಡಿಸಿ ಎರಡು ಮೂರು ದಿವಸ ಬಿಟ್ಟರೆ ಬಿಳಿಯ ಬೇರುಗಳು ಇಳಿಯುತ್ತವೆ. ಬೇರಿನ ತುದಿಯನ್ನು ಕತ್ತರಿಸಿ, ಬಣ್ಣ ಹಾಕಿ, ಎರಡು ಗಾಜುಗಳ ನಡುವೆ ಮೆಲ್ಲಗೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಲವು ಕೋಶಗಳೊಳಗೆ ದಾರದ ತುಂಡುಗಳಂತಹ ವರ್ಣತಂತುಗಳು ಕಾಣುತ್ತವೆ. ಈರುಳ್ಳಿಯಲ್ಲಿ ಅವು 16. ಅವು ಕೋಶದ ನಡುವೆ ಸಾಲಾಗಿ ನಿಲ್ಲುವುದನ್ನೂ, ಬಳಿಕ ಎರಡು ಪಾಲಾಗಿ ಎರಡು ದಿಕ್ಕಿಗೆ ಸರಿಯುವುದನ್ನೂ ಹೈಸ್ಕೂಲಿನ ಮಕ್ಕಳೂ ಗುರುತಿಸಬಲ್ಲರು. ಜರ್ಮನಿಯ ಕೀಲ್ ಎಂಬ ಪಟ್ಟಣದಲ್ಲಿದ್ದ ವಾಲ್ಟರ್ ಫ್ಲೆಮಿಂಗ್ ಎಂಬ ಪಂಡಿತನು ಆಗ ಹೊಸದಾಗಿದ್ದ ಬಣ್ಣಗಳನ್ನು ಬಳಸಿ ಪ್ರಾಣಿಗಳ ಕೋಶಗಳಲ್ಲಿ ಈ ಕ್ರಮವನ್ನು ವಿವರವಾಗಿ ಕಂಡು, 1882ರಲ್ಲಿ ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಕೀಲ್ ಪಟ್ಟಣದ ಹೆಸರನ್ನು ಸಭಿಕರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಅದು ಮತ್ತೊಮ್ಮೆ ಬರುವುದಿದೆ.

ಬಣ್ಣ ಹಾಕಿ ನೋಡುವ ಈ ಪದ್ಧತಿಯಲ್ಲಿ ಒಂದು ಕೊರತೆಯುಂಟು. ಪ್ರಯೋಗಶಾಲೆಯಲ್ಲಿ ಸಾಕಿದ ನಮ್ಮ ದೇಹದ ಕೋಶವೊಂದು ಒಮ್ಮೆ ಹುಟ್ಟಿ ಮತ್ತೆ ಒಡೆಯುವುದಕ್ಕೆ ಸುಮಾರು ಒಂದು ದಿವಸ ಬೇಕು. ಅದರಲ್ಲಿ ವರ್ಣತಂತುಗಳು ಹೀಗೆ ಎದ್ದು ಕಾಣುವ ಕಾಲ ಸುಮಾರು ಒಂದು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ, ಒಡೆಯಲು ಸಿದ್ಧವಾಗುತ್ತಿರುವ ಕೋಶವೂ ಸುಮ್ಮನೆ ಕುಳಿತ ಕೋಶವೂ ಕಣ್ಣಿಗೆ ಒಂದೇ ತೆರನಾಗಿ ತೋರುತ್ತವೆ. ಜಾತ್ರೆಗೆ ಹೊರಡುವ ಊರಿಗೆ ಒಂದು ಗಳಿಗೆ ಬಂದು ಹೋದವನು, ಆ ಗಳಿಗೆಯಲ್ಲಿ ಬಂಡಿ ಹತ್ತುತ್ತಿದ್ದವರನ್ನು ಮಾತ್ರ ಕಂಡಾನು. ಮನೆಯೊಳಗೆ ಬುತ್ತಿ ಕಟ್ಟುತ್ತಿದ್ದವರನ್ನು ಕಾಣಲಾರನು. ಆ ಬುತ್ತಿ ಕಟ್ಟುವವರನ್ನು ಗುರುತಿಸುವುದು ಹೇಗೆ? ರಾಸಾಯನಿಕ ಗುರುತುಗಳ ಕಥೆ ಇಲ್ಲಿಂದ ಪ್ರಾರಂಭವಾಗುತ್ತದೆ.

ಕೋಶವು ಒಡೆಯುವ ಮೊದಲು ತನ್ನಲ್ಲಿರುವ ಡಿ.ಎನ್.ಎ. ಎಂಬ ಪದಾರ್ಥವನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಬೇಕು. ಇದು ವಂಶಪಾರಂಪರ್ಯದ ಬರಹ. ಇದರ ಅಕ್ಷರಗಳು ನಾಲ್ಕೇ: ಅಡಿನೀನ್, ಗ್ವಾನೀನ್, ಸೈಟೋಸೀನ್, ಥೈಮೀನ್. ಮನುಷ್ಯನ ಒಂದು ಕೋಶದಲ್ಲಿ ಸುಮಾರು 600 ಕೋಟಿ ಅಕ್ಷರಜೋಡಿಗಳಿವೆ. ಇವೆಲ್ಲವನ್ನೂ ನಕಲು ಮಾಡಿ ಮುಗಿಸಲು ಕೋಶಕ್ಕೆ ಸಾಮಾನ್ಯವಾಗಿ ಎಂಟು ಗಂಟೆಗಳಷ್ಟು ಕಾಲ ಹಿಡಿಯುತ್ತದೆ. ನಾಲ್ಕರಲ್ಲಿ ಥೈಮೀನ್ ಎಂಬುದು ಡಿ.ಎನ್.ಎ.ಯ ವಿಶೇಷ ಸೊತ್ತು. ಥೈಮೀನಿಗೆ ಒಂದು ಬಗೆಯ ಸಕ್ಕರೆಯ ಅಣು ಸೇರಿದಾಗ ಥೈಮಿಡಿನ್ ಎನಿಸುತ್ತದೆ. ಹೊರಗಿನಿಂದ ಕೊಟ್ಟ ಥೈಮಿಡಿನ್ ಡಿ.ಎನ್.ಎ.ಯಲ್ಲಿ ಸೇರುತ್ತದೆ ಎಂಬುದನ್ನು ರೈಶಾರ್ಡ್ ಮತ್ತು ಎಸ್ಟ್‌ಬಾರ್ನ್ ಎಂಬ ಸ್ವೀಡನ್ನಿನ ವಿಜ್ಞಾನಿಗಳು 1951ರಲ್ಲಿ ತೋರಿಸಿಕೊಟ್ಟರು.

ಇದರ ಬೆಲೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಎಮ್ಮಿಗನೂರಿನ ಮಗ್ಗದ ಮುಂದೆ ನಿಂತರೆ ಸಾಕು. ನೇಕಾರನು ಇಡೀ ದಿವಸ ಬಿಳಿಯ ನೂಲಿನಿಂದ ನೇಯುತ್ತಿದ್ದಾನೆಂದು ಭಾವಿಸೋಣ. ಮಧ್ಯಾಹ್ನ ಒಂದು ಗಂಟೆಯ ಹೊತ್ತು ಮಾತ್ರ ಅವನ ಲಾಳಿಯಲ್ಲಿ ಕೆಂಪು ನೂಲನ್ನು ಇಟ್ಟುಕೊಟ್ಟೆವು. ಸಂಜೆ ಬಟ್ಟೆಯನ್ನು ಬಿಚ್ಚಿ ನೋಡಿದರೆ, ಕೆಂಪು ಪಟ್ಟಿ ಇರುವ ಭಾಗವೇ ಆ ಹೊತ್ತಿನಲ್ಲಿ ನೇಯ್ದ ಭಾಗ. ಕೇರಿಯ ಎಲ್ಲ ಮಗ್ಗಗಳಿಗೂ ಹಾಗೆಯೇ ಕೆಂಪು ನೂಲನ್ನು ಹಂಚಿದ್ದರೆ, ಯಾವ ಮಗ್ಗ ಆಗ ಆಡುತ್ತಿತ್ತು, ಯಾವುದು ನಿಂತಿತ್ತು ಎಂಬುದನ್ನು ಬಟ್ಟೆಯೇ ಹೇಳುತ್ತದೆ. ಗುರುತು ಹಾಕಿದ ಥೈಮಿಡಿನ್ ಈ ಕೆಂಪು ನೂಲು. ಡಿ.ಎನ್.ಎ.ಯನ್ನು ನಕಲು ಮಾಡುತ್ತಿರುವ ಕೋಶ ಅದನ್ನು ತೆಗೆದುಕೊಂಡು ನೇಯ್ದುಕೊಳ್ಳುತ್ತದೆ. ಸುಮ್ಮನಿರುವ ಕೋಶ ಅದನ್ನು ಮುಟ್ಟುವುದಿಲ್ಲ.

1953ನೆಯ ಇಸವಿ ನಮ್ಮ ಸೀಮೆಯವರಿಗೆ ಮರೆಯಲಾಗದ ವರ್ಷ. ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿಯೂ ಉಳಿದ ತಾಲ್ಲೂಕುಗಳೂ ಮೈಸೂರಿಗೆ ಸೇರಿದವು. ಜೀವವಿಜ್ಞಾನಕ್ಕೂ ಅದೇ ವರ್ಷ ದೊಡ್ಡದು. ಡಿ.ಎನ್.ಎ. ಎರಡು ಎಳೆಗಳ ಹುರಿ ಎಂಬುದನ್ನು ವಾಟ್ಸನ್ ಮತ್ತು ಕ್ರಿಕ್ ಅವರು ಪ್ರಕಟಿಸಿದ್ದು ಆ ವರ್ಷ. ಲಂಡನ್ನಿನಲ್ಲಿ ಆಲ್ಮಾ ಹೊವರ್ಡ್ ಎಂಬ ಮಹಿಳೆಯೂ ಸ್ಟೀಫನ್ ಪೆಲ್ಕ್ ಎಂಬವರೂ ವಿಕಿರಣಶೀಲ ರಂಜಕವನ್ನು ಒಂದು ಜಾತಿಯ ಅವರೆಯ ಬೇರಿಗೆ ಕುಡಿಸಿ, ಕೋಶವು ಡಿ.ಎನ್.ಎ.ಯನ್ನು ನಕಲು ಮಾಡುವುದು ಒಡೆಯುವ ಹೊತ್ತಿನಲ್ಲಲ್ಲ, ಅದಕ್ಕೆ ಎಷ್ಟೋ ಗಂಟೆ ಮೊದಲೇ ಎಂದು ತೋರಿಸಿದ್ದೂ ಆ ವರ್ಷವೇ. ಹೀಗೆ ಕೋಶದ ಜೀವನದಲ್ಲಿ ನಾಲ್ಕು ಕಾಲಗಳು ಗೊತ್ತಾದವು: ನಕಲಿಗೆ ಮುಂಚಿನ ಸಿದ್ಧತೆ, ನಕಲು, ನಕಲಿನ ನಂತರದ ಸಿದ್ಧತೆ, ಕೊನೆಗೆ ಒಡೆಯುವಿಕೆ.

ಆದರೆ ರಂಜಕವು ಕೋಶದ ಬೇರೆ ಅನೇಕ ಪದಾರ್ಥಗಳಲ್ಲಿಯೂ ಸೇರುವ ವಸ್ತು. ಡಿ.ಎನ್.ಎ.ಗೆ ಮಾತ್ರ ಅಂಟುವ ಗುರುತು ಬೇಕಾಗಿತ್ತು. 1957ರಲ್ಲಿ ಅಮೆರಿಕದ ಹರ್ಬರ್ಟ್ ಟೇಲರ್, ಫಿಲಿಪ್ ವುಡ್ಸ್, ವಾಲ್ಟರ್ ಹ್ಯೂಸ್ ಎಂಬ ಮೂವರು ಥೈಮಿಡಿನ್‌ನಲ್ಲಿ ಜಲಜನಕದ ಬದಲು ಅದರ ವಿಕಿರಣಶೀಲ ರೂಪವಾದ ಟ್ರಿಷಿಯಮ್ಮನ್ನು ಕೂಡಿಸಿ, ಅದೇ ಅವರೆಯ ಬೇರಿಗೆ ಕೊಟ್ಟರು. ಟ್ರಿಷಿಯಮ್ಮಿನ ಕಿರಣ ಬಹಳ ದುರ್ಬಲ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದೂರ ಹೋಗುವಷ್ಟರಲ್ಲಿಯೇ ಬಹುಮಟ್ಟಿಗೆ ಅಡಗುತ್ತದೆ. ಆ ದೌರ್ಬಲ್ಯವೇ ಇಲ್ಲಿ ಗುಣವಾಯಿತು. ಕೋಶಗಳ ಮೇಲೆ ಛಾಯಾಚಿತ್ರದ ಲೇಪವನ್ನು ಹಚ್ಚಿ ಕತ್ತಲೆಯಲ್ಲಿ ದಿನಗಟ್ಟಲೆ, ವಾರಗಟ್ಟಲೆ ಇಟ್ಟರೆ, ಗುರುತು ಇರುವ ಜಾಗದ ಮೇಲೆಯೇ ಕಪ್ಪು ಚುಕ್ಕೆಗಳು ಮೂಡುತ್ತವೆ. ಪಕ್ಕದ ಮನೆಗೆ ಚೆಲ್ಲುವುದಿಲ್ಲ.

ಆ ಮೂವರು ಕಂಡ ಸಂಗತಿ ಚಿರಸ್ಮರಣೀಯವಾದುದು. ಗುರುತಿನ ನೂಲಿನಿಂದ ನೇಯ್ದ ವರ್ಣತಂತು ಮೊದಲ ಸಲ ಒಡೆದಾಗ ಎರಡು ಪಾಲಿನಲ್ಲಿಯೂ ಗುರುತು ಇತ್ತು. ಬಳಿಕ ಗುರುತಿಲ್ಲದ ಆಹಾರವನ್ನು ಕೊಟ್ಟು ಎರಡನೆಯ ಸಲ ಒಡೆಯಲು ಬಿಟ್ಟಾಗ, ಒಂದು ಪಾಲಿನಲ್ಲಿ ಗುರುತು ಉಳಿದಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಂದರೆ ಪ್ರತಿಯೊಂದು ಮರಿಯೂ ಒಂದು ಹಳೆಯ ಎಳೆಯನ್ನೂ ಒಂದು ಹೊಸ ಎಳೆಯನ್ನೂ ಹೊತ್ತು ಹೋಗುತ್ತದೆ. ಹಳತು ಪೂರ್ತಿ ಒಬ್ಬರ ಪಾಲಿಗೆ, ಹೊಸತು ಪೂರ್ತಿ ಇನ್ನೊಬ್ಬರ ಪಾಲಿಗೆ ಎಂಬ ಹಂಚಿಕೆ ಪ್ರಕೃತಿಯಲ್ಲಿ ಇಲ್ಲ.

ವಿಕಿರಣದ ಗುರುತಿನಲ್ಲಿ ಎರಡು ತೊಡಕುಗಳು. ಒಂದು, ವಾರಗಟ್ಟಲೆ ಕಾಯಬೇಕು. ಎರಡು, ಅದನ್ನು ಮುಟ್ಟುವುದಕ್ಕೂ ಚೆಲ್ಲುವುದಕ್ಕೂ ಎಚ್ಚರಿಕೆ ಬೇಕು. ಇದಕ್ಕೆ ಪರಿಹಾರವಾಗಿ ಬಂದುದು ಬ್ರೋಮೊಡಿಆಕ್ಸಿಯುರಿಡಿನ್ ಎಂಬ ಉದ್ದನೆಯ ಹೆಸರಿನ ಪದಾರ್ಥ. ಪ್ರಯೋಗಶಾಲೆಯವರು ಇದನ್ನು ಮೊಟಕುಮಾಡಿ ‘ಬಿ.ಆರ್.ಡಿ.ಯು.’ ಎನ್ನುತ್ತಾರೆ. ಇದು ಥೈಮಿಡಿನ್‌ನ ಅವಳಿಯಂತೆ ಕಾಣುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಬ್ರೋಮಿನ್ ಪರಮಾಣು ಕುಳಿತಿರುತ್ತದೆ. ಕೋಶವು ಇದನ್ನು ಥೈಮಿಡಿನ್ ಎಂದೇ ತಿಳಿದು ನೇಯ್ದುಕೊಳ್ಳುತ್ತದೆ. 1982ರಲ್ಲಿ ಹೊವರ್ಡ್ ಗ್ರಾಟ್ಜ್‌ನರ್ ಎಂಬವರು ಇದನ್ನು ಹುಡುಕಿ ಹಿಡಿಯುವ ಪ್ರತಿಕಾಯವನ್ನು ಸಿದ್ಧಪಡಿಸಿದರು. ಪ್ರತಿಕಾಯವೆಂದರೆ ಪ್ರಾಣಿಗಳ ರಕ್ಷಣಾ ವ್ಯವಸ್ಥೆಯು ತಯಾರಿಸುವ, ಬೀಗಕ್ಕೆ ಕೀಲಿ ಕೂಡುವಂತೆ ಒಂದೇ ವಸ್ತುವಿಗೆ ಕೂಡುವ ಪ್ರೋಟೀನು. ಅದಕ್ಕೆ ಬಣ್ಣವನ್ನು ಕಟ್ಟಿ ಕಳುಹಿಸಿದರೆ ಬ್ರೋಮಿನ್ ಇರುವ ಕೋಶಗಳು ಬೆಳಗುತ್ತವೆ. ವಾರಗಳ ಕೆಲಸ ಒಂದೆರಡು ದಿವಸಕ್ಕೆ ಇಳಿಯಿತು. ಆದರೆ ದಪ್ಪನೆಯ ಪ್ರತಿಕಾಯವು ಹುರಿಯ ಒಳಗೆ ನುಗ್ಗಲಾರದು; ಆದುದರಿಂದ ಆಮ್ಲವನ್ನೋ ಶಾಖವನ್ನೋ ಕೊಟ್ಟು ಡಿ.ಎನ್.ಎ.ಯ ಎಳೆಗಳನ್ನು ಬಿಡಿಸಬೇಕು. ಆ ಪೆಟ್ಟಿಗೆ ಕೋಶದ ಇತರ ಸೂಕ್ಷ್ಮ ರಚನೆಗಳು ಕೆಡುವುದುಂಟು.

ಈ ತೊಡಕನ್ನೂ ನಿವಾರಿಸಿದವರು ಆಡ್ರಿಯನ್ ಸಾಲಿಕ್ ಮತ್ತು ತಿಮೊಥಿ ಮಿಚಿಸನ್. ಅವರು 2008ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಬ್ರೋಮಿನ್ನಿನ ಜಾಗದಲ್ಲಿ ಎರಡು ಇಂಗಾಲ ಪರಮಾಣುಗಳ ಒಂದು ಸಣ್ಣ ಕೊಕ್ಕೆ ಇದೆ. ಈ ಪದಾರ್ಥಕ್ಕೆ ‘ಇ.ಡಿ.ಯು.’ ಎಂದು ಹೆಸರು. ತಾಮ್ರದ ಸಹಾಯದಿಂದ, ತೀರ ಸಣ್ಣ ಬಣ್ಣದ ಅಣುವೊಂದು ಬಂದು ಈ ಕೊಕ್ಕೆಗೆ ಗುಂಡಿ ಹಾಕಿದಂತೆ ಕೂಡಿಕೊಳ್ಳುತ್ತದೆ. ಸಣ್ಣದಾದುದರಿಂದ ಹುರಿಯನ್ನು ಬಿಚ್ಚಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಇಂತಹ ‘ಕ್ಲಿಕ್’ ರಸಾಯನವನ್ನೂ ಅದನ್ನು ಜೀವಕೋಶಗಳಲ್ಲಿ ಬಳಸುವ ಮಾರ್ಗವನ್ನೂ ಬೆಳೆಸಿದ ಬ್ಯಾರಿ ಶಾರ್ಪ್‌ಲೆಸ್, ಮಾರ್ಟನ್ ಮೆಲ್ಡಾಲ್, ಕ್ಯಾರೊಲಿನ್ ಬೆರ್ಟೋಜಿ ಅವರಿಗೆ 2022ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಗುರುತುಗಳಿಂದ ಏನು ತಿಳಿಯಿತು? ಎರಡು ಉದಾಹರಣೆಗಳನ್ನು ಕೊಡುತ್ತೇವೆ. ಪ್ರಾಯದ ಪ್ರಾಣಿಗಳ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದೇ ಇಲ್ಲವೆಂದು ಬಹುಕಾಲ ನಂಬಿದ್ದರು. ಜೋಸೆಫ್ ಆಲ್ಟ್‌ಮನ್ ಎಂಬವರು ಟ್ರಿಷಿಯಮ್ಮಿನ ಗುರುತನ್ನು ಇಲಿಗಳಿಗೆ ಕೊಟ್ಟು, 1962ರಲ್ಲಿ ಆ ನಂಬಿಕೆಯನ್ನು ಪ್ರಶ್ನಿಸಿದರು. ಬಹಳ ವರ್ಷ ಯಾರೂ ಕಿವಿಗೊಡಲಿಲ್ಲ. 1998ರಲ್ಲಿ, ಸ್ವೀಡನ್ನಿನ ಐವರು ಕ್ಯಾನ್ಸರ್ ರೋಗಿಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿದರು. ರೋಗಪರೀಕ್ಷೆಗಾಗಿ ಬದುಕಿದ್ದಾಗ ಅವರಿಗೆ ಬಿ.ಆರ್.ಡಿ.ಯು. ಕೊಟ್ಟಿದ್ದರು. ನೆನಪಿಗೆ ಸಂಬಂಧಿಸಿದ ಭಾಗದಲ್ಲಿ ಗುರುತು ಹೊತ್ತ ನರಕೋಶಗಳು ಕಂಡವು. ಮನುಷ್ಯನಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ವಾದ ಈಗಲೂ ಮುಗಿದಿಲ್ಲ. ಎರಡನೆಯ ಉದಾಹರಣೆ ನಮ್ಮ ಬೆಂಗಳೂರಿನದು. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಅವರೂ ಅವರ ಸಹೋದ್ಯೋಗಿಗಳೂ ಹಣ್ಣಿನ ನೊಣದ ಹಾರುವ ಸ್ನಾಯುವನ್ನು ಪರೀಕ್ಷಿಸಿ, ಅದರಲ್ಲಿ ಸುಮ್ಮನೆ ಅಡಗಿರುವ ಮೂಲಕೋಶಗಳಿವೆಯೆಂದೂ ಸ್ನಾಯುವಿಗೆ ಗಾಯವಾದೊಡನೆ ಅವು ಎಚ್ಚೆತ್ತು ಒಡೆಯತೊಡಗುತ್ತವೆಂದೂ 2017ರಲ್ಲಿ ಪ್ರಕಟಿಸಿದರು. ಬೆರಳ ತುದಿಯ ಮೇಲೆ ಕೂಡುವ ನೊಣದೊಳಗಿನ ಒಂದು ಕೋಶ ನಿದ್ದೆಯಲ್ಲಿದೆಯೋ ಎಚ್ಚರದಲ್ಲಿದೆಯೋ ಎಂದು ಹೇಳಬಲ್ಲಷ್ಟು ಈ ವಿದ್ಯೆ ಬೆಳೆದಿದೆ.

ಇನ್ನು ಕಿ-67ರ ಸಂಗತಿಗೆ ಬರೋಣ. ಇದುವರೆಗೆ ಹೇಳಿದ ಗುರುತುಗಳನ್ನು ಬದುಕಿರುವ ಕೋಶಕ್ಕೆ ಮೊದಲೇ ಕೊಟ್ಟಿರಬೇಕು. ರೋಗಿಯ ದೇಹದಿಂದ ತೆಗೆದ ಗಂಟಿನ ಚೂರಿಗೆ ಇದು ಸಾಧ್ಯವಿಲ್ಲ. ಆದರೆ ಒಡೆಯುವ ಹಾದಿಯಲ್ಲಿರುವ ಕೋಶವು ತಾನಾಗಿಯೇ ಧರಿಸಿರುವ ಗುರುತೊಂದು ಇದ್ದರೆ? ಅಂತಹ ಪ್ರೋಟೀನೊಂದನ್ನು ಹಿಡಿಯುವ ಪ್ರತಿಕಾಯವನ್ನು ಯೋಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದರು. ಅವರು ಕೆಲಸ ಮಾಡುತ್ತಿದ್ದುದು ಕೀಲ್ ಪಟ್ಟಣದಲ್ಲಿ. ಅದರ ಮೊದಲ ಎರಡು ಅಕ್ಷರಗಳು, ಪ್ರತಿಕಾಯ ಸಿಕ್ಕ ತಟ್ಟೆಯ ಗುಳಿಯ ಸಂಖ್ಯೆ 67. ಎರಡೂ ಸೇರಿ ಕಿ-67. ಫ್ಲೆಮಿಂಗನು ಬಣ್ಣ ಹಾಕಿ ನೋಡಿದ ಊರಿನಲ್ಲಿಯೇ, ನೂರು ವರ್ಷಗಳ ತರುವಾಯ, ಅವನಿಗೆ ಕಾಣದೆ ಉಳಿದವರನ್ನು ಕಾಣುವ ಉಪಾಯವೂ ದೊರೆಯಿತು. ಈ ಪ್ರೋಟೀನು ಸುಮ್ಮನಿರುವ ಕೋಶದಲ್ಲಿ ಕಾಣುವುದಿಲ್ಲ. ಒಡೆಯುವ ಹಾದಿಯಲ್ಲಿ ಎಲ್ಲಿದ್ದರೂ, ಬುತ್ತಿ ಕಟ್ಟುತ್ತಿದ್ದರೂ ಬಂಡಿ ಹತ್ತುತ್ತಿದ್ದರೂ, ಕಾಣುತ್ತದೆ.

ಆದುದರಿಂದ ಆ ಹುಡುಗನ ಪ್ರಶ್ನೆಗೆ ಉತ್ತರ ಹೀಗೆ. ಗಂಟಿನ ಚೂರನ್ನು ತೆಳ್ಳಗೆ ಕೊಯ್ದು, ಪ್ರತಿಕಾಯವನ್ನು ಹಾಕಿ, ಕಂದು ಬಣ್ಣ ಬಂದ ಕ್ಯಾನ್ಸರ್ ಕೋಶಗಳನ್ನು ಎಣಿಸುತ್ತಾರೆ. 28 ಎಂದರೆ, ಚೂರನ್ನು ತೆಗೆದ ಆ ಹೊತ್ತಿನಲ್ಲಿ ನೂರರಲ್ಲಿ 28 ಕೋಶಗಳು ಒಡೆಯುವ ಹಾದಿಯಲ್ಲಿದ್ದವು, 72 ಸುಮ್ಮನಿದ್ದವು ಎಂದರ್ಥ. ಇದು ಪರೀಕ್ಷೆಯ ಅಂಕವಲ್ಲ. ಇದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ರೋಗ ಎಷ್ಟು ದೂರ ಹರಡಿದೆ ಎಂಬುದನ್ನು ಈ ಅಂಕ ಹೇಳುವುದಿಲ್ಲ. ರೋಗಿ ಎಷ್ಟು ದಿವಸ ಬದುಕುವರು ಎಂಬುದನ್ನೂ ಹೇಳುವುದಿಲ್ಲ. ಒಂದೇ ಚೂರನ್ನು ಇಬ್ಬರು ಎಣಿಸಿದರೆ ಅಂಕದಲ್ಲಿ ವ್ಯತ್ಯಾಸ ಬರುವುದುಂಟು. ಹಾರ್ಮೋನಿಗೆ ಸ್ಪಂದಿಸುವ, ಹರ್-2 ಎಂಬ ಪ್ರೋಟೀನು ಹೆಚ್ಚಿಲ್ಲದ, ಆರಂಭದ ಹಂತದ ಸ್ತನ ಕ್ಯಾನ್ಸರಿನಲ್ಲಿ, ಅಂಕ 5 ಅಥವಾ ಅದಕ್ಕೆ ಕಡಮೆಯಿದ್ದರೆ, ಇಲ್ಲವೇ 30 ಅಥವಾ ಅದಕ್ಕೆ ಹೆಚ್ಚಿದ್ದರೆ ಮಾತ್ರ ಅದನ್ನು ನೆಚ್ಚಿ ಔಷಧದ ತೀರ್ಮಾನಕ್ಕೆ ಬಳಸಬಹುದೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು 2021ರಲ್ಲಿ ಅಭಿಪ್ರಾಯಪಟ್ಟಿತು. ನಡುವಿನ ಅಂಕವನ್ನು ಇತರ ಪರೀಕ್ಷೆಗಳೊಡನೆ ಕೂಡಿಸಿಯೇ ನೋಡಬೇಕು. ಹೆಚ್ಚಿನ ಅಂಕವೆಂದರೆ ಮರಣಶಾಸನವೂ ಅಲ್ಲ. ಮಕ್ಕಳಲ್ಲಿ ಕಾಣುವ ಬರ್ಕಿಟ್ ಲಿಂಫೋಮ ಎಂಬ ರೋಗದಲ್ಲಿ ಈ ಅಂಕ ನೂರಕ್ಕೆ ನೂರರ ಹತ್ತಿರ ಇರುತ್ತದೆ. ಆದರೂ ಸಕಾಲದಲ್ಲಿ ಔಷಧ ದೊರೆತರೆ ಅನೇಕ ಮಕ್ಕಳು ಪೂರ್ಣ ಗುಣ ಹೊಂದುತ್ತಾರೆ.

ವೇಗವಾಗಿ ಒಡೆಯುವ ಕೋಶ ವೇಗವಾಗಿ ಪೆಟ್ಟು ತಿನ್ನುವುದೂ ಉಂಟು. ಇದನ್ನು ತೋರಿಸಿಕೊಟ್ಟ ಮಾರ್ಗದಲ್ಲಿ ಒಬ್ಬ ತೆಲುಗು ಮಹನೀಯರ ಹೆಸರಿದೆ. ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾಯರು ಅಮೆರಿಕದಲ್ಲಿ ಫೋಲಿಕ್ ಆಮ್ಲದ ಮೇಲೆ ಕೆಲಸಮಾಡಿದರು. ಕೋಶವು ತನ್ನ ಥೈಮಿಡಿನ್ನನ್ನು ತಾನೇ ತಯಾರಿಸಿಕೊಳ್ಳಲು ಈ ಆಮ್ಲ ಬೇಕು. ಅದರ ವೇಷ ಧರಿಸಿ ಅದರ ಕೆಲಸವನ್ನು ಕೆಡಿಸುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ಅವರ ತಂಡದವರು ಸಿದ್ಧಪಡಿಸಿಕೊಟ್ಟರು. ಅದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟು, ಕೆಲವು ಕಾಲವಾದರೂ ರೋಗ ಹಿಮ್ಮೆಟ್ಟಿತೆಂದು 1948ರಲ್ಲಿ ವರದಿ ಮಾಡಿದರು. ಸುಬ್ಬರಾಯರು ಅದೇ ವರ್ಷ ತೀರಿಕೊಂಡರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಎಂಬ ಔಷಧ ಇಂದಿಗೂ ಬಳಕೆಯಲ್ಲಿದೆ. ನೂಲನ್ನು ಬಣ್ಣಗೊಳಿಸಿ ಮಗ್ಗವನ್ನು ಗುರುತಿಸುವುದು ಒಂದು ವಿದ್ಯೆಯಾದರೆ, ನೂಲಿನ ಸರಬರಾಜನ್ನು ತಡೆದು ಮಗ್ಗವನ್ನು ನಿಲ್ಲಿಸುವುದು ಅದರ ತಂಗಿಯಂತಹ ಇನ್ನೊಂದು ವಿದ್ಯೆ. ಇಂತಹ ಔಷಧಗಳನ್ನು ಕೊಟ್ಟಾಗ ಕೂದಲು ಉದುರುವುದೂ ಬಾಯಿ ಹುಣ್ಣಾಗುವುದೂ ರಕ್ತ ಕಡಮೆಯಾಗುವುದೂ ಏಕೆಂಬುದು ಈಗ ತಮಗೆ ಹೊಳೆದಿರಬಹುದು. ಕೂದಲ ಬುಡದಲ್ಲಿಯೂ ಬಾಯಿಯ ಒಳಪದರದಲ್ಲಿಯೂ ಮಜ್ಜೆಯಲ್ಲಿಯೂ ಸದಾ ಒಡೆಯುವ ಕೋಶಗಳೇ ಇವೆ. ಔಷಧಕ್ಕೆ ಅವೂ ಆಡುವ ಮಗ್ಗಗಳೇ. ಕೂದಲು ಉದುರಿತೆಂದು ಹೆದರಿ ಚಿಕಿತ್ಸೆಯನ್ನು ನಡುವೆ ಬಿಟ್ಟು ಊರಿಗೆ ಮರಳಿದವರನ್ನು ನಾವು ಬಲ್ಲೆವು. ಕಾರಣವನ್ನು ಅವರ ಮಾತಿನಲ್ಲಿ ಯಾರಾದರೂ ಹೇಳಿದ್ದರೆ ಬಿಡುತ್ತಿರಲಿಲ್ಲವೇನೋ ಎಂಬ ಕೊರಗು ನಮ್ಮನ್ನು ಬಿಟ್ಟಿಲ್ಲ.

ಗುರುತುಗಳ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಥೈಮಿಡಿನ್‌ನ ಗುರುತು ‘ಇಲ್ಲಿ ಡಿ.ಎನ್.ಎ. ಹೆಣೆಯಲಾಯಿತು’ ಎಂದಷ್ಟೇ ಸಾಕ್ಷಿ ನುಡಿಯುತ್ತದೆ. ಹರಿದ ಡಿ.ಎನ್.ಎ.ಯನ್ನು ರಿಪೇರಿ ಮಾಡುವಾಗಲೂ ಕೋಶ ಸ್ವಲ್ಪ ನೂಲನ್ನು ಬಳಸುತ್ತದೆ. ನಕಲು ಮಾಡಿಕೊಂಡೂ ಒಡೆಯದೆ ನಿಂತುಬಿಡುವ ಕೋಶಗಳೂ ಉಂಟು. ಗುರುತಿನ ಪದಾರ್ಥ ಹೆಚ್ಚಾದರೆ ಕೋಶಕ್ಕೆ ವಿಷವೂ ಆಗುತ್ತದೆ. ಆದುದರಿಂದ ಒಳ್ಳೆಯ ವಿಜ್ಞಾನಿಯು ಒಂದೇ ಗುರುತನ್ನು ನಂಬದೆ, ಎರಡು ಮೂರು ಸಾಕ್ಷಿಗಳನ್ನು ಕೂಡಿಸಿಯೇ ತೀರ್ಪು ಹೇಳುತ್ತಾನೆ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಒಮ್ಮೆ ಹಾಕಿದ ಗುರುತು ಕೋಶದಲ್ಲಿ ಶಾಶ್ವತವಲ್ಲ. ಒಡೆದಾಗ ಅರ್ಧ ಒಂದು ಮರಿಗೆ, ಅರ್ಧ ಇನ್ನೊಂದಕ್ಕೆ. ಮತ್ತೆ ಒಡೆದಾಗ ಕಾಲು ಭಾಗ, ಮತ್ತೆ ಅರೆಕಾಲು. ಕೆಲವು ತಲೆಮಾರುಗಳು ಕಳೆದರೆ ಗುರುತು ಎಷ್ಟು ತೆಳುವಾಗುತ್ತದೆಂದರೆ, ಇದ್ದೂ ಕಾಣದಂತಾಗುತ್ತದೆ. ವಂಶದ ಬರಹವಾದರೆ ಹಾಗಲ್ಲ. ಪ್ರತಿ ಕೋಶವೂ ಒಡೆಯುವ ಮೊದಲು ಅದನ್ನು ಆರಂಭದಿಂದ ಕೊನೆಯವರೆಗೆ ಮತ್ತೆ ಬರೆದುಕೊಳ್ಳುತ್ತದೆ. ಆದುದರಿಂದಲೇ ಅದು ಎಷ್ಟು ತಲೆಮಾರು ಕಳೆದರೂ ಪೂರ್ತಿಯಾಗಿ ಉಳಿಯುತ್ತದೆ.

ನಮ್ಮ ಸೀಮೆಯೂ ಒಂದಲ್ಲ, ಎರಡು ಸಲ ಒಡೆಯುವುದನ್ನು ಕಂಡಿದೆ. 1953ರ ಮಾತನ್ನು ಆಗಲೇ ಹೇಳಿದೆವು. 2014ರಿಂದ ಈ ನದಿಯ ಆಚೆಯ ದಡ ತೆಲಂಗಾಣ. ಒಡೆದುದಕ್ಕಾಗಿ ಇಂದು ಯಾರನ್ನೂ ದೂರುವುದಿಲ್ಲ. ಆದರೆ ಅಜ್ಜ ಕನ್ನಡದಲ್ಲಿ ಓದಿ ಬರೆದ ಮನೆಯಲ್ಲಿ ತಂದೆ ಓದಲು ಮಾತ್ರ ಬಲ್ಲ, ಮಗ ಆಡಲು ಮಾತ್ರ ಬಲ್ಲ, ಮೊಮ್ಮಗ ಕೇಳಿದರೆ ತಿಳಿದುಕೊಳ್ಳುತ್ತಾನೆ ಎಂಬ ಲೆಕ್ಕ ನಮ್ಮ ಕೇರಿಗಳಲ್ಲಿ ಹೊಸದಲ್ಲ. ಅರ್ಧ, ಕಾಲು, ಅರೆಕಾಲು. ಭಾಷೆಯನ್ನು ಒಮ್ಮೆ ಬಳಿದ ಬಣ್ಣವೆಂದು ತಿಳಿದರೆ ಅದು ತೆಳುವಾಗುತ್ತಲೇ ಹೋಗುತ್ತದೆ. ಪ್ರತಿ ತಲೆಮಾರಿನಲ್ಲಿಯೂ ಮತ್ತೆ ಬರೆದುಕೊಂಡರೆ ಮಾತ್ರ ಉಳಿಯುತ್ತದೆ. ಬರೆಯುವುದೆಂದರೆ ಹಬ್ಬದ ದಿವಸದ ಹಾಡು ಮಾತ್ರವಲ್ಲ. ಇಂದಿನ ಜ್ಞಾನವನ್ನೂ, ಆಸ್ಪತ್ರೆಯ ಕಾಗದವನ್ನೂ ಅದರಲ್ಲಿ ಬರೆಯಬೇಕು.

ಇದು ಆಗದ ಕೆಲಸವೇನೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಸಸ್ಯಗಳ ಕೋಶಗಳನ್ನೂ ಭ್ರೂಣಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದ ಕಣ್ಣಿನಿಂದಲೇ ‘ಹಸುರು ಹೊನ್ನು’ ಬರೆದರು. ಅವರೂ ಕನ್ನಡನಾಡಿನ ಹೊರಗೆ ಬಾಳಿ ಬರೆದವರು. ಅವರ ವಿದ್ವತ್ತು ನಮಗಿಲ್ಲ. ನಮ್ಮಿಂದಾಗುವ ಸಣ್ಣ ಕೆಲಸವೊಂದನ್ನು ಮಾತ್ರ ಈ ಸಭೆಯ ಮುಂದೆ ಸೂಚಿಸುತ್ತೇವೆ. ಆಸ್ಪತ್ರೆಯ ವರದಿಗಳಲ್ಲಿ ಬರುವ ಐವತ್ತು ಮಾತುಗಳನ್ನು ಆರಿಸಿ, ಪ್ರತಿಯೊಂದಕ್ಕೂ ನಾಲ್ಕು ಸಾಲಿನ ವಿವರಣೆಯನ್ನು ಸರಳ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದು, ವೈದ್ಯರಿಂದ ತಿದ್ದಿಸಿ, ಒಂದು ಕೈಪಿಡಿಯಾಗಿ ಸಂಘವು ಅಚ್ಚುಹಾಕಿಸಲಿ. ಕಿ-67ರ ಪುಟವನ್ನು ಬರೆದುಕೊಡುವ ಹೊಣೆ ನಮ್ಮದು. ಬಹುಮಟ್ಟಿಗೆ ಅದು ಇಂದೇ ಬರೆದಾಯಿತು.

ಆ ತಾಯಿಯ ಚಿಕಿತ್ಸೆ ನಡೆದಿದೆ. ಕೂದಲು ಉದುರಿದಾಗ ಮಗನು ಮತ್ತೆ ನಮ್ಮಲ್ಲಿಗೆ ಬಂದಿದ್ದನು. ಈ ಸಲ ಮಗ್ಗದ ಮಾತಿನಲ್ಲಿ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕೂದ್ಲು ಮತ್ತ ಬರ್ತಾವ್ರೀ” ಎಂದನು. ಅದು ಪ್ರಶ್ನೆಯಾಗಿರಲಿಲ್ಲ, ಅವನಿಗೆ ಅರ್ಥವಾಗಿತ್ತು.